ಶರಾವತಿಯ ಅಳಿವೆಯಲ್ಲಿ ಒಂದು ಸಂಜೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳು ಸೇರಿ ನಮ್ಮ ಶೈಕ್ಷಣಿಕ ಜಿಲ್ಲೆ. ನಮ್ಮ ಜಯಮಂಗಲಿ ನದಿಯಲ್ಲಿ ಹೆಚ್ಚಿನ ವರ್ಷ ನೀರಿಗಿಂತ ಮರಳೇ ಜಾಸ್ತಿ. ಇಲ್ಲಿನ ಮಕ್ಕಳಿಗೆ ದೋಣಿಯೆಂದರೆ ಪಠ್ಯಪುಸ್ತಕದ ಚಿತ್ರ. ಶಿರಾ, ಮಧುಗಿರಿಗಳನ್ನು ಹಾದುಹೋಗುವ 69ನೇ ರಾಷ್ಟ್ರೀಯ ಹೆದ್ದಾರಿಯ ಒಂದು ತುದಿ ಹೊನ್ನಾವರ ಎಂದು ತರಗತಿಯಲ್ಲಿ ಹೇಳುತ್ತಿದ್ದ ನಾನೂ ಆ ತುದಿಯನ್ನು ಕಂಡಿರಲಿಲ್ಲ.

ಏಪ್ರಿಲ್‌ನಲ್ಲಿ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ತುಮಕೂರಿನ ಹಾಸ್ಟೆಲ್‌ನಲ್ಲಿದ್ದು ವಿಜ್ಞಾನ ಓದಬೇಕೆಂಬುದು ಅವಳ ಆಸೆ. "ಹೆಣ್ಣುಮಗು, ಹತ್ತನೆಯದು ಸಾಕು" ಎಂಬುದು ನನ್ನ ತಾಯಿಯ ಮಾತು. ಊರ ಮಕ್ಕಳಿಗೆಲ್ಲ ಓದಿ ಎನ್ನುವ ನಾನು ಮನೆಯಲ್ಲಿ ಮಾತ್ರ "ಫಲಿತಾಂಶ ಬರಲಿ" ಎಂದು ಜಾರಿಕೊಳ್ಳುತ್ತಿದ್ದೆ. ಆ ರಜೆಯಲ್ಲೇ ನಾವು ಮೂವರು ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪೆ ಘಟ್ಟವಿಳಿದು ಹೊನ್ನಾವರ ತಲುಪಿದೆವು.

ಶಾಫಿಈ ಮದ್‌ಹಬ್‌ನವರು ಹೆಚ್ಚಿರುವ ಆ ಕರಾವಳಿಯಲ್ಲಿ ಅಸ್ರ್ ಅಝಾನ್ ಹನಫಿಗಳಾದ ನಮ್ಮಲ್ಲಿಗಿಂತ ಮೊದಲೇ ಆಗುತ್ತದೆ. ನಮಾಝ್ ಮುಗಿಸಿ, ಲೈಫ್ ಜಾಕೆಟ್ ಕಟ್ಟಿಕೊಂಡು ದೋಣಿ ಹತ್ತಿದೆವು. ದೋಣಿಯ ಅಂಚು ಹಿಡಿದ ನನ್ನ ಪತ್ನಿ ಕೊನೆಯವರೆಗೂ ಕೈ ಬಿಡಲಿಲ್ಲ! ಜೋಗದಲ್ಲಿ 253 ಮೀಟರ್ ಧುಮುಕುವ ಶರಾವತಿ ಇಲ್ಲಿ ಅವಸರವಿಲ್ಲದೆ ಹರಡಿಕೊಂಡಿದೆ. ಅದು ಉಬ್ಬರದ ಹೊತ್ತು. ಕಡಲಿನ ನೀರು ನದಿಯೊಳಕ್ಕೆ ಏರುತ್ತಿತ್ತು. ಬೆರಳದ್ದಿ ನಾಲಗೆಗಿಟ್ಟೆ, ಉಪ್ಪುಪ್ಪು. ಸಿಹಿ ಮತ್ತು ಉಪ್ಪಿನ ಎರಡು ಕಡಲುಗಳ ಬಗ್ಗೆ ಸೂರಃ ಅಲ್‌ಫುರ್ಕಾನ್‌ನಲ್ಲಿರುವುದನ್ನು ಎಷ್ಟು ಸಲ ಮಕ್ಕಳಿಗೆ ಪಾಠ ಹೇಳಿಲ್ಲ!

ಕಾಂಡ್ಲಾ ಗಿಡಗಳ ನಡುವಿನ ಕಿರುದಾರಿಯಲ್ಲಿ ದೋಣಿಯವರು ಎಂಜಿನ್ ನಿಲ್ಲಿಸಿದರು. ಕೊಡೆಯ ಕಡ್ಡಿಗಳಂತೆ ಬಾಗಿ ಕೆಸರಿಗಿಳಿದ ಬೇರುಗಳು. ಅವುಗಳ ನಡುವೆ ಏಡಿಗಳು, ಮೀನುಮರಿಗಳು. ಕೊಂಬೆಯ ಮೇಲೊಂದು ಬೆಳ್ಳಕ್ಕಿ.

"ಅಬ್ಬಾ, ಇಲ್ಲಿ ಬೀಜ ಮರದಲ್ಲೇ ಮೊಳಕೆಯೊಡೆದಿದೆ!" ಎಂದಳು ಮಗಳು. ಹಸಿರು ಕೋಲುಗಳು ಕೊಂಬೆಯಿಂದ ತೂಗುತ್ತಿದ್ದವು.

"ಹೌದು ತಂಗಿ" ಎಂದರು ದೋಣಿಯವರು. "ಬರೀ ಬೀಜ ಈ ಉಪ್ಪು ಕೆಸರಲ್ಲಿ ಬದುಕೋದು ಕಷ್ಟ. ಅದ್ಕೇ ತಾಯಿಮರದಲ್ಲೇ ಗೇಣುದ್ದ ಬೆಳೀತದೆ. ಆಮೇಲೆ ಬೀಳ್ತದೆ. ಕೆಸರಿಗೆ ಬಿದ್ರೆ ಅಲ್ಲೇ ಬೇರು ಬಿಡ್ತದೆ. ನೀರಿಗೆ ಬಿದ್ರೆ ತೇಲಿ ಹೋಗಿ ಬೇರೆ ದಂಡೆ ಹಿಡೀತದೆ."

ದೋಣಿ ಅಳಿವೆಯತ್ತ ತಿರುಗಿತು. ಮದ್ರಸದ ದಿನಗಳಲ್ಲಿ ಓದಿದ್ದ ಇಬ್ನ್ ಬತೂತಾ ನೆನಪಾದರು. 1340ರ ದಶಕದಲ್ಲಿ ಅವರು ಇದೇ ಹೊನ್ನಾವರಕ್ಕೆ ಬಂದಿದ್ದರು. ಅವರ ಪ್ರವಾಸ ಕಥನದಲ್ಲಿ ಊರಿನ ಹೆಸರು ಹಿನೌರ್. ದೊಡ್ಡ ಹಡಗುಗಳು ಬರುವ ಈ ಅಳಿವೆಯನ್ನು ಅವರು ವರ್ಣಿಸಿದ್ದಾರೆ. ಸುಲ್ತಾನ್ ಜಮಾಲುದ್ದೀನರ ಬಳಿ ಹನ್ನೊಂದು ತಿಂಗಳು ರೊಟ್ಟಿ ಕಾಣದೆ ಅನ್ನ ಉಂಡದ್ದನ್ನೂ ಬರೆದಿದ್ದಾರೆ. ಎರಡೇ ದಿನಕ್ಕೆ ರಾಗಿಮುದ್ದೆ ನೆನೆಯುತ್ತಿದ್ದ ನಾವು ನಕ್ಕೆವು.

"ಇಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದವರು. ಊರಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವಂತೆ. ಮಕ್ಕಾ, ದಮಾಸ್ಕಸ್, ದಿಲ್ಲಿ ಎಲ್ಲ ನೋಡಿದವರು ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದರು" ಎಂದು ಮೇಷ್ಟ್ರ ಗತ್ತಿನಲ್ಲೇ ಹೇಳಿದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಆ ಹುಡುಗಿಯರ ಅಬ್ಬಾಗಳು ಫಲಿತಾಂಶ ಬರಲಿ ಅನ್ನುತ್ತಿರಲಿಲ್ಲವೇ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಪತ್ನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸೂರ್ಯ ಕೆಂಪಾಗಿ ಕಡಲಿಗಿಳಿದ. ದಡ ಸೇರುವಾಗ ಮಗ್ರಿಬ್ ಅಝಾನ್ ಕೇಳಿಸಿತು. ನಮಾಝ್ ಮುಗಿಸಿ ಬಂದು, "ತುಮಕೂರಿಗೆ ಅರ್ಜಿ ಹಾಕೋಣ" ಎಂದೆ.

ತಾಯಿಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಜೂನ್‌ನಲ್ಲಿ ಮಗಳನ್ನು ಹಾಸ್ಟೆಲ್‌ಗೆ ಬಿಟ್ಟು ಟ್ರಂಕ್ ತೆರೆದಾಗ, ಬಟ್ಟೆಗಳ ಅಡಿಯಲ್ಲಿ ಒಂದು ಡಬ್ಬಿ ಹುರಿಹಿಟ್ಟು ಇತ್ತು. ಅದನ್ನಿಟ್ಟವರು ನಾನಲ್ಲ, ಅವಳಮ್ಮನೂ ಅಲ್ಲ.