ನೆಲದೊಳಗಿನ ಬೋಟು...

ಮಲ್ಪೆ ಕಡೆಯ ಗೆಳೆಯನೊಬ್ಬ ಇದ್ದಾನೆ, ಅವರ ಮನೇಲಿ ಮೀನು ಹಿಡಿಯೋ ಇಂಜಿನ್ ಬೋಟಿದೆ. ಫೋನ್ ಮಾಡಿದಾಗಲೆಲ್ಲ ಅದರದ್ದೇ ಗೋಳು. ಡೀಸೆಲ್ಲು, ಬಲೆ, ಆಳುಗಳಿಗೆ ಮುಂಗಡ, ಇಂಜಿನ್ ರಿಪೇರಿ... ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರೋದ್ರಿಂದ ಆ ಎರಡು ತಿಂಗಳು ಬೋಟು ದಡದಲ್ಲೇ ಕೂತಿರತ್ತೆ. ಕೂತಲ್ಲೇ ದುಡ್ಡು ತಿನ್ನತ್ತಂತೆ. "ನಿಮ್ಮ ಚಳ್ಳಕೆರೆಯವರಿಗೆ ಈ ತಲೆನೋವೇ ಇಲ್ಲ ಮಾರಾಯ, ನೀರೇ ಇಲ್ಲ!" ಅಂದ ಮೊನ್ನೆ.

ನೀರಿಲ್ಲದ್ದೇ ಅಲ್ವಾ ನಮ್ಮ ತಲೆನೋವು! ನಮ್ಮ ಕಡೆನೂ ಹೊಲಕ್ಕೊಂದು ಬೋಟು ಇದೆ, ಆದ್ರೆ ಅದು ನೆಲದೊಳಗೆ 700 ಅಡಿ ಕೆಳಗೆ ಕತ್ತಲಲ್ಲಿ ನೇತಾಡ್ತಾ ಇರತ್ತೆ. ಬೋರ್‌ವೆಲ್ಲಿನ ಮೋಟ್ರು. ಅದನ್ನ ಇಟ್ಕೊಂಡು ಸಂಸಾರ ಮಾಡೋದು ಹೇಗೆ ಅಂತ ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದೆ, ಅವನು ನೆಪ ಕೊಟ್ಟ :-)

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಚಿತ್ರದುರ್ಗ ಜಿಲ್ಲೆಯ ಆಂಧ್ರದ ಗಡಿಗಿರೋ ತಾಲ್ಲೂಕುಗಳು, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ಜಾಗಗಳ ಸಾಲಿಗೆ ಸೇರಿದವು. ಶೇಂಗಾ, ಎಣ್ಣೆ ಮಿಲ್ಲು, ಕುರಿ, ಕಂಬಳಿ ಚಳ್ಳಕೆರೆಯದ್ದು. ರೇಷ್ಮೆ ಸೀರೆ ಮೊಳಕಾಲ್ಮೂರಿನದ್ದು. ವೇದಾವತಿ ನದಿ ಅಂತ ಹೆಸರಿಗಿದೆ. ಅದಕ್ಕೆ ಹಿರಿಯೂರು ಹತ್ತಿರ ಮಾರಿಕಣಿವೆ ಅಣೆಕಟ್ಟು ಕಟ್ಟಿ ಮುಗಿಸಿದ್ದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರಲ್ಲಿ! 89 ವರ್ಷ. ಮಧ್ಯದ ತಲೆಮಾರುಗಳು ಏನು ಮಾಡ್ಬೇಕಿತ್ತು? ನೆಲ ಕೊರೆಸಿದ್ವು.

ನಮ್ಮ ಚಿಕ್ಕಪ್ಪ ಮೊದಲನೇ ಬೋರು ಹಾಕ್ಸಿದ್ದು 2009ರಲ್ಲಿ. 380 ಅಡಿಗೆ ನೀರು ಬಿತ್ತು. ಅದರ ಹಿಂದಿನ ವರ್ಷ, 2008ರಲ್ಲಿ, ಸರ್ಕಾರ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಮಾಡಿತ್ತು. ಇನ್ನೇನು ಖರ್ಚು ಅಂತ ಎಲ್ರಿಗೂ ಧೈರ್ಯ. ನಾಲ್ಕೇ ವರ್ಷ ಅದು ಓಡಿದ್ದು. 2013ರಲ್ಲಿ ಎರಡನೇದು, 740 ಅಡಿ.

ಬೋರು ಕೊರೆಯೋ ರಾತ್ರಿ ನೋಡಿದವರಿಗೆ ಗೊತ್ತು. ಗಾಡಿ ಬಹುಪಾಲು ತಮಿಳುನಾಡಿನ ತಿರುಚೆಂಗೋಡಿಂದ ಬಂದಿರತ್ತೆ, ಹುಡುಗರದ್ದೂ ಅದೇ ಭಾಷೆ. ಅದಕ್ಕೂ ಮುಂಚೆ ಪಾಯಿಂಟ್ ನೋಡೋರು ಬಂದು ಹೋಗಿರ್ತಾರೆ, ಒಬ್ರು ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು, ಇನ್ನೊಬ್ರು ಬೇವಿನ ಕವೆಕಡ್ಡಿ ಹಿಡ್ಕೊಂಡು, ಮಗದೊಬ್ರು ಮಿಷನ್ನು ತಂದು. ಮೂರು ಜನ ಮೂರು ಜಾಗ ತೋರಿಸ್ತಾರೆ. ಆಮೇಲೆ ಪೂಜೆ, ಕಂಪ್ರೆಸರ್ ಸದ್ದು, ಬಿಳೀ ಧೂಳು. ಅಡಿಗಿಷ್ಟು ಅಂತ ರೇಟು, ಆಳ ಹೋದ ಹಾಗೆ ಆ ರೇಟೂ ಏರತ್ತೆ. ಇದೇ ಮೋಸದ ಜಾಗ ನೋಡಿ. 300 ಅಡಿಗೆ ಒಂದು ನಮೂನೆ ದುಡ್ಡು, 800 ದಾಟಿದ ಮೇಲೆ ಒಂದೊಂದು ಅಡಿನೂ ತುಟ್ಟಿ. ಆದ್ರೆ ಮನಸ್ಸು ಉಲ್ಟಾ ಲೆಕ್ಕ ಹಾಕತ್ತೆ: ಇಷ್ಟು ಹಾಕಿ ಆಯ್ತಲ್ಲ, ಇನ್ನೂರು ಅಡಿ ನೋಡೇಬಿಡಾಣ. ಸುತ್ತ ನಿಂತವರೂ ಅದನ್ನೇ ಹೇಳ್ತಾರೆ, ಅವರದ್ದೇನು ಹೋಗ್ಬೇಕು?

ನೀರು ಬಿತ್ತು ಅಂದ್ರೆ ಮುಗೀತು ಅಂತಲ್ಲ, ಸಂಸಾರ ಆಗ ಶುರು. ಆಳಕ್ಕೆ ತಕ್ಕ ಹಾಗೆ ಸ್ಟೇಜು ಜಾಸ್ತಿ ಇರೋ ಪಂಪು, ಕೇಬಲ್ಲು, ಪೈಪು, ಸ್ಟಾರ್ಟರು. (ಮೊಳಕಾಲ್ಮೂರಲ್ಲಿ ಜಿ.ಐ. ಅಂದ್ರೆ ಸೀರೆಗೆ ಸಿಕ್ಕ ಮಾನ್ಯತೆ, ನಮ್ಮ ಹೊಲದಲ್ಲಿ ತುಕ್ಕು ಹಿಡಿದ ಪೈಪು.) ವೋಲ್ಟೇಜ್ ಕಡಿಮೆಯಾದ್ರೆ ಮೋಟ್ರು ಸುಡತ್ತೆ. ಮೂರರಲ್ಲಿ ಒಂದು ಫೇಸ್ ಹೋದ್ರೂ ಸುಡತ್ತೆ. ನೀರು ಕೆಳಗಿಳಿದು ಒಣಗೇ ಓಡಿದ್ರಂತೂ ಸುಟ್ಟೇ ಸುಡತ್ತೆ. ಸುಟ್ಟ ಮೋಟ್ರನ್ನ ಮೇಲೆತ್ತೋದು ಒಂದು ಜಾತ್ರೆ. 20 ಅಡಿಯ ಪೈಪು, 700 ಅಡಿ ಅಂದ್ರೆ 35 ಪೈಪು, ಒಂದೊಂದನ್ನೂ ಎತ್ತಿ, ಕ್ಲಾಂಪ್ ಹಾಕಿ, ಬಿಚ್ಚಿ ಪಕ್ಕಕ್ಕಿಡ್ಬೇಕು. ರೀವೈಂಡಿಂಗ್ ಮಾಡಿಸಿ ಮತ್ತೆ 35 ಪೈಪು ಇಳಿಸ್ಬೇಕು. ಅಷ್ಟರಲ್ಲಿ ಬೆಳೆ ಬಾಡಿರತ್ತೆ.

ದುಡ್ಡಿಗಿಂತ ಕೆಟ್ಟದ್ದು ನಿದ್ದೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಚಿಕ್ಕಪ್ಪ ಹಾಸಿಗೆಯಲ್ಲಿ ಮಲಗಿದ್ರೂ ಕಿವಿ ಹೊಲದ ಕಡೆಗೇ. ಪೈಪಿನ ಸದ್ದು ಬದಲಾದ್ರೆ ಎದ್ದು ಕೂರೋರು. ಕೇಬಲ್ ಕಳ್ಳರ ಭಯ ಬೇರೆ, ತಾಮ್ರ ಅಲ್ವಾ. ಬೋಟಾದ್ರೆ ಕಣ್ಣಿಗೆ ಕಾಣತ್ತೆ, ಎಲ್ಲಿ ತೂತು ಬಿದ್ದಿದೆ ನೋಡಬಹುದು, ಸಾಕಾದ್ರೆ ಮಾರಲೂಬಹುದು. ಬೋರನ್ನ ಯಾರಿಗೆ ಮಾರ್ತೀರಿ?

2018ರಲ್ಲಿ ಎರಡನೇದೂ ನಿಂತಿತು. ಹೊಲದಲ್ಲಿ ದಾಳಿಂಬೆ ಗಿಡ ಇತ್ತು, ಅದು ಒಣಗೋದನ್ನ ನೋಡೋಕಾಗದೆ ಚಿಕ್ಕಪ್ಪ ಮೂರನೇದಕ್ಕೆ ಹೊರಟ್ರು. ಊರಿಗೆ ಹೋದಾಗ ಹಳೇ ನೋಟುಬುಕ್ಕು ತಂದು ಕೂಡು ಅಂತ ನನ್ನ ಮುಂದೆ ಹಾಕಿದ್ರು. ಕೊರೆದದ್ದು, ಪೈಪು, ಮೂರು ಸಲದ ರೀವೈಂಡಿಂಗು, ಎತ್ತೋರ ಕೂಲಿ, ಬಡ್ಡಿ... 7 ಲಕ್ಷ ದಾಟ್ತು. ಅವರು ಏನೂ ಮಾತಾಡ್ಲಿಲ್ಲ. ಚಿಕ್ಕಮ್ಮ ಒಳಗಿಂದ ಬಂದು ಎಷ್ಟು ಅಂತ ಕೇಳಿ, ಒಂದು ಷರತ್ತು ಹಾಕಿದ್ರು. ಗಾಡಿ ಬರೋ ಮುಂಚೆಯೇ ಎಷ್ಟು ಅಡಿ ಅಂತ ತೀರ್ಮಾನ ಆಗ್ಬೇಕು, ಅಷ್ಟಕ್ಕೇ ಆಗೋ ದುಡ್ಡು ಅವರ ಕೈಲಿರ್ಬೇಕು. "ನೀರು ಬರ್ಲಿಲ್ಲ ಅಂದ್ರೆ ದುಡ್ಡು ಹೋಗ್ಲಿ, ಹೊಲ ಹೋಗಾದು ಬ್ಯಾಡ" ಅಂದ್ರು.

2019ರಲ್ಲಿ ಕೊರೆದದ್ದು. 900 ಅಂತ ಮಾತಾಗಿತ್ತು. 900ಕ್ಕೂ ಧೂಳೇ. ಏಜೆಂಟು "ಇನ್ನೊಂದು ನೂರಡಿ ಅಣ್ಣ, ಗ್ಯಾಪ್ ಸಿಗೋ ಲಕ್ಷಣ ಐತೆ" ಅಂದ. ನಿಂತವರೆಲ್ಲ ಹೂಂ ಹೂಂ ಅಂದ್ರು. ಚಿಕ್ಕಪ್ಪ ಚಿಕ್ಕಮ್ಮನ ಮುಖ ನೋಡಿದ್ರು. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿ ಕೊಟ್ಟು, "ಗಾಡಿ ಎತ್ತಪ್ಪ" ಅಂದ್ರು, ಅಷ್ಟೇ. ದಾಳಿಂಬೆ ಹೋಯ್ತು. ಅದಕ್ಕೆ ಚಿಕ್ಕಪ್ಪ ಅತ್ತಿದ್ದನ್ನ ನಾನು ನೋಡಿದ್ದೀನಿ. ಆದ್ರೆ ಹೊಲ ಉಳೀತು. ಉಳಿದ ದುಡ್ಡಲ್ಲಿ ಕುರಿ ತಂದ್ರು. ಕುರಿಯನ್ನ ಕಷ್ಟ ಬಂದಾಗ ಒಂದೊಂದೇ ಮಾರಬಹುದು.

2022ರಲ್ಲಿ ವೇದಾವತಿ ಹರಿದಳಲ್ಲ, ಸತ್ತು ಹೋಗಿದ್ದ ಎರಡನೇ ಬೋರಿಗೆ ಮತ್ತೆ ನೀರು ಬಂತು! ಸುತ್ತಮುತ್ತ ಗಾಡಿಗಳ ಸದ್ದು ಮತ್ತೆ ಶುರುವಾಯ್ತು, ಚಿಕ್ಕಪ್ಪನಿಗೂ ಆಸೆ ತೋರಿಸಿದವರು ಬಹಳ ಜನ. ಅವರು ಸಣ್ಣ ಮೋಟ್ರು ಇಳಿಸಿ ಅರ್ಧ ಎಕರೆ ಕುರಿ ಮೇವು ಬೆಳ್ಕೊಂಡ್ರು, ಉಳಿದದ್ದಕ್ಕೆ ಮಳೆ ನಂಬಿದ ಶೇಂಗಾ. 2023ರಲ್ಲಿ ಬರ ಬಿದ್ದಾಗ ನೀರು ಕಮ್ಮಿಯಾಯ್ತು. ನಾಲ್ಕು ಕುರಿ ಮಾರಿ, ಮೋಟ್ರು ಆಫ್ ಮಾಡಿ, ರಾತ್ರಿ ಪೂರ್ತಿ ಮಲಗಿದ್ರು. ಚಿಕ್ಕಮ್ಮ ಫೋನಲ್ಲಿ ಹೇಳಿದ್ದು: "ಗೊರಕೆ ಕೇಳಿ ಎಷ್ಟು ವರ್ಷ ಆಗಿತ್ತು ಕಣಪ್ಪ."

ಮೊಳಕಾಲ್ಮೂರಲ್ಲಿ ನನ್ನ ಹೆಂಡತಿಯ ತವರು. ಅಲ್ಲಿ ಭಾವಮೈದನದ್ದು ಬೇರೆ ಉಪಾಯ. ಮನೇಲಿ ಮಗ್ಗ, ಹೊರಗೆ ಎರಡು ಎಕರೆ. ಅಕ್ಕಪಕ್ಕದ ಹೊಲದ ಮೂರು ಮನೆಯವರು ಸೇರಿ ಒಂದೇ ಬೋರು ಇಟ್ಕೊಂಡಿದ್ದಾರೆ. ವಾರಕ್ಕೆ ಎರಡೆರಡು ದಿನ ಒಬ್ಬೊಬ್ಬರ ಪಾಳಿ, ಉಳಿದ ಒಂದು ದಿನ ಬೋರಿಗೆ ರಜೆ. ತಿಂಗಳಿಗೆ ಮನೆಗೆ 500 ರೂಪಾಯಿ ಒಂದು ಬಿಸ್ಕತ್ತಿನ ಡಬ್ಬಿಗೆ ಬೀಳ್ಬೇಕು. ಡಬ್ಬಿ ಒಬ್ಬರ ಮನೇಲಿ, ಬೀಗದ ಕೈ ಇನ್ನೊಬ್ಬರ ಮನೇಲಿ, ಲೆಕ್ಕದ ಪುಸ್ತಕ ಮೂರನೆಯವರ ಹತ್ರ. ಜಗಳ ಇಲ್ಲ ಅಂತೇನಿಲ್ಲ, ಪಾಳಿ ದಿನ ಕರೆಂಟು ಹೋದ್ರೆ ಆ ದಿನ ಯಾರ ಲೆಕ್ಕಕ್ಕೆ ಅಂತ ಎರಡು ಮನೆಯವರು ಒಂದು ತಿಂಗಳು ಮಾತು ಬಿಟ್ಟಿದ್ರು.

ಹೋದ ತಿಂಗಳು ಅವರ ಮೋಟ್ರು ಸುಟ್ಟಿತು. ನಾವೂ ಅಲ್ಲೇ ಇದ್ವಿ. ಯಾರೂ ಸಾಲಕ್ಕೆ ಓಡ್ಲಿಲ್ಲ. ಡಬ್ಬಿ ಬಂತು, ಬೀಗದ ಕೈ ಬಂತು, ಪುಸ್ತಕ ಬಂತು, ಮಧ್ಯಾಹ್ನದೊಳಗೆ ಪೈಪು ಎತ್ತೋ ಜನ ಬಂದ್ರು. ಎಣಿಸಿದ್ರೆ ರೀವೈಂಡಿಂಗಿಗೆ ಆಗಿ, ಎಲ್ರಿಗೂ ಮಂಡಕ್ಕಿ ಮೆಣಸಿನಕಾಯಿ ಬಜ್ಜಿಗೂ ದುಡ್ಡು ಮಿಕ್ಕಿತ್ತು.