ಆಗುಂಬೆ ಘಾಟಿಯಲ್ಲಿ ಮೂರು ಕಾರು

ಸೋಮೇಶ್ವರ ದಾಟಿದ್ದೇ ರಸ್ತೆ ತಲೆ ಎತ್ತುತ್ತದೆ. ಮುಂದೆ 14 ಹೇರ್‌ಪಿನ್ ತಿರುವು. ನೀವು ಕೂತಿರುವುದು ಹಳೇ ಅಂಬಾಸಿಡರಿನ ಉದ್ದ ಸೀಟಿನಲ್ಲಿ. ಎಡಗೈ ಸ್ಟೀರಿಂಗ್ ಪಕ್ಕದ ಗೇರಿನ ಮೇಲಿದೆ. ಮುಂದೊಂದು ಪ್ರೀಮಿಯರ್ ಪದ್ಮಿನಿ, ಹಿಂದೊಂದು ಮಾರುತಿ 800. ಏಪ್ರಿಲ್ ಮಳೆ ಈಗಷ್ಟೇ ಬಿಟ್ಟಿದೆ. ಸೆಕೆ ಬಿಟ್ಟಿಲ್ಲ.

ಮೊದಲ ತಿರುವು. ಎರಡನೇ ಗೇರಿನಲ್ಲಿ ಎಂಜಿನ್ ಗುಡುಗುತ್ತದೆ, ಸೋಲುವುದಿಲ್ಲ. ಈ 1489 ಸಿಸಿ ಬ್ರಿಟಿಷ್ ಎಂಜಿನ್ನಿನ ಪಿಸ್ಟನ್ ಅಗಲ 73 ಮಿ.ಮೀ., ಅದರ ಓಟ 88.9 ಮಿ.ಮೀ. ಓಟ ಉದ್ದವಾದ್ದರಿಂದ ನಿಧಾನ ತಿರುಗುವಾಗಲೂ ಎಳೆತ ಇದೆ. ಪದ್ಮಿನಿಯ 1089 ಸಿಸಿ ಫಿಯೆಟ್ ಎಂಜಿನ್ನಿಗೆ ಅಷ್ಟು ತಾಳ್ಮೆಯಿಲ್ಲ; ಆಕ್ಸಿಲರೇಟರ್ ಒತ್ತಿ ಸದ್ದು ಏರಿಸಿಯೇ ಇಡಬೇಕು.

ನಾಲ್ಕನೇ ತಿರುವಿನಲ್ಲಿ ಎದುರಿಗೆ ಮಿನಿಬಸ್. ವೇಗ ಸತ್ತಿತು. ಒಂದನೇ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಕಾರು ಉರುಳುತ್ತಿರುವಾಗಲೇ ತಳ್ಳಿದರೆ ಹಲ್ಲುಗಳು ಕರ್ರೆನ್ನುತ್ತವೆ. ಪೂರ್ತಿ ನಿಲ್ಲಿಸಿ, ಗೇರು ಹಾಕಿ, ಹ್ಯಾಂಡ್‌ಬ್ರೇಕ್ ಬಿಡುತ್ತ ಕ್ಲಚ್ ಎತ್ತುತ್ತೀರಿ. ಏರಿನಲ್ಲಿ ಭಾರ ಹಿಂದಕ್ಕೆ ವಾಲಿದೆ, ಎಳೆಯುವ ಚಕ್ರಗಳೂ ಹಿಂದಿನವೇ. ಟೈರು ರಸ್ತೆ ಕಚ್ಚಿತು. ಹಿಂದಿನಿಂದ ಮಾರುತಿಯ ಟೈರು ಕಿರ್ರೆನ್ನುತ್ತದೆ: ಅದನ್ನು ಎಳೆಯುವುದು ಮುಂದಿನ ಚಕ್ರ, ಏರಿನಲ್ಲಿ ಅಲ್ಲಿನ ಭಾರವೇ ಕಡಿಮೆ. ಆದರೆ ಮೈ ಹಗುರ. ಹಿಡಿತ ಸಿಕ್ಕಿದ್ದೇ ನಿಮ್ಮ ಬಂಪರಿಗೆ ಬಂದು ಮುಟ್ಟುವಂತಾಯಿತು.

ಗುಂಡಿ! ಅಂಬಾಸಿಡರಿನ ಮುಂದಿನ ಟಾರ್ಷನ್ ಬಾರ್ ತಿರುಚಿಕೊಂಡು ಪೆಟ್ಟು ನುಂಗುತ್ತದೆ, ಹಿಂದೆ ಲೀಫ್ ಸ್ಪ್ರಿಂಗಿನ ಪಟ್ಟಿಗಳು ಉಜ್ಜಿಕೊಂಡು ನರಳುತ್ತವೆ. ನಿಮ್ಮ ಸೊಂಟಕ್ಕೆ ಒಂದು ತೂಗಾಟ ಮಾತ್ರ. ಪದ್ಮಿನಿಗೆ ಮುಂದೆ ಕಾಯಿಲ್, ಹಿಂದೆ ಲೀಫ್. ಅದರ ಹಿಂಭಾಗ ಕುಪ್ಪಳಿಸಿದ್ದು ಕಾಣಿಸಿತು. 12 ಇಂಚಿನ ಚಕ್ರದ ಮಾರುತಿ ಗುಂಡಿಗೆ ಇಳಿಯದೆ ಪಕ್ಕಕ್ಕೆ ಸರಿಯಿತು.

ಸನ್‌ಸೆಟ್ ಪಾಯಿಂಟ್ ಹತ್ತಿರ ಪದ್ಮಿನಿ ನಿಂತಿದೆ. ನಿಮ್ಮ ಟೆಂಪರೇಚರ್ ಮುಳ್ಳೂ ಮೇಲೇರಿದೆ, ನೀವೂ ನಿಲ್ಲಿಸುತ್ತೀರಿ. ಪದ್ಮಿನಿಯ ಡ್ರೈವರ್ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಾರೆ. ಬಿಸಿಗೆ ಪೆಟ್ರೋಲ್ ಆವಿಯಾದರೆ ಕಾರ್ಬ್ಯುರೇಟರಿಗೆ ಹೋಗುವುದಿಲ್ಲ. ನಿಮ್ಮ ಕೈ ರೇಡಿಯೇಟರ್ ಕಡೆ ಹೋದದ್ದು ಕಂಡು ಕೂಗಿದರು: “ಮುಚ್ಚಳ ಈಗ್ಲೇ ತೆಗೀಬೇಡಿ ಮಾರಾಯ್ರೇ, ಕುದಿನೀರು ಮುಖಕ್ಕೆ ಹಾರ್ತದೆ!”

ನಿಮ್ಮಿಬ್ಬರ ಫ್ಯಾನೂ ಎಂಜಿನ್ನಿನ ಬೆಲ್ಟಿಗೆ ಕಟ್ಟಿದ್ದು. ಎಂಜಿನ್ ನಿಧಾನವಾದರೆ ಗಾಳಿಯೂ ಕಡಿಮೆ. ಮಾರುತಿಯ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಅಡ್ಡ ಕೂತಿದೆ. ಬೆಲ್ಟಿನ ಫ್ಯಾನ್ ಅಲ್ಲಿ ಒಗ್ಗುವುದಿಲ್ಲವೆಂದು ಕರೆಂಟಿನ ಫ್ಯಾನ್ ಇಟ್ಟಿದ್ದಾರೆ. ಕಾವು ಏರಿದಾಗ ಅದು ತಾನೇ ತಿರುಗುತ್ತದೆ. ಹಾರ್ನ್ ಹೊಡೆದು ಮಾರುತಿ ಆಗುಂಬೆ ಪೇಟೆಯತ್ತ ಹೋಯಿತು. ನೀವಿಬ್ಬರೂ ಇನ್ನು ಅರ್ಧ ಗಂಟೆ ಕಾಯಬೇಕು.