ಚಂದ್ರನಾಥನ ಗುಡ್ಡದಲ್ಲಿ ಒಂದು ಬೆಳಗು

ಗೋವಾ ಎಂದೊಡನೆ ನಮ್ಮವರಿಗೆ ನೆನಪಾಗುವುದು ಎರಡೇ: ಕಡಲ ಕಿನಾರೆ, ಇಲ್ಲವೇ ಮಂಗೇಶಿ, ಮಹಾಲಸೆಯರ ದೇವಸ್ಥಾನಗಳು. ಕಳೆದ ಡಿಸೆಂಬರಿನಲ್ಲಿ ನಾನು ಅಲ್ಲಿಗೆ ಹೋದದ್ದು ಕಿನಾರೆ ನೋಡಲಿಕ್ಕೂ ಅಲ್ಲ, ಹರಕೆ ತೀರಿಸಲಿಕ್ಕೂ ಅಲ್ಲ. ಮಗಳ ಮನೆ ಮಡಗಾಂವದಲ್ಲಿದೆ. ಅವಳೊಡನೆ ಒಂದು ಮಾತು ತೀರ್ಮಾನವಾಗಬೇಕಿತ್ತು.

ಮಾತು ಇಷ್ಟೇ. ಪುಳ್ಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಕೊಂಕಣಿ, ಟಿ.ವಿ. ಎದುರಿಗೆ ಹಿಂದಿ. ಕನ್ನಡ ಮಾತಾಡುತ್ತಾನೆ, ಆದರೆ ಒಂದಕ್ಷರ ಓದಲಾರ. ಮೂವತ್ತೆರಡು ವರ್ಷ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಅಕ್ಷರ ತಿದ್ದಿಸಿದ ನನಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಅವನನ್ನು ಊರಿಗೆ ಕರೆತಂದು ನಮ್ಮಲ್ಲೇ ಶಾಲೆಗೆ ಸೇರಿಸುತ್ತೇನೆ ಎಂದು ಹಟ ಹಿಡಿದು ಹೋಗಿದ್ದೆ. ಮಕ್ಕಳಿಲ್ಲದೆ ಸೊರಗುವ ನಮ್ಮ ತರಗತಿಗಳಿಗೆ ಒಂದು ತಲೆಯಾದರೂ ಹೆಚ್ಚಾಗಲಿ ಎಂಬ ಆಸೆಯೂ ಒಳಗಿತ್ತೆಂದು ಒಪ್ಪಿಕೊಳ್ಳಬೇಕು.

ಮಗಳು ಆ ರಾತ್ರಿ ಮೆಲ್ಲಗೆ ಹೇಳಿದಳು: “ಅಪ್ಪಾ, ನಾನು ಕನ್ನಡದಲ್ಲೇ ಕಲಿತವಳು. ಅದಕ್ಕೆ ಬೇಸರವಿಲ್ಲ. ಆದರೆ ಹತ್ತನೆಯದು ಮುಗಿಸಿ ಕಾಲೇಜಿಗೆ ಹೋದಾಗ ಒಂದು ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿದ್ದೆ. ಅದು ನಿಮಗೆ ಗೊತ್ತೇ ಆಗಲಿಲ್ಲ.” ನನಗೆ ಉತ್ತರ ಹೊಳೆಯಲಿಲ್ಲ. ಸಿಟ್ಟು ಮಾತ್ರ ಉಳಿಯಿತು.

ಮರುದಿನ ಬೆಳಗ್ಗೆ, “ಇವನನ್ನು ಎಲ್ಲಿಗಾದರೂ ಕರಕೊಂಡು ಹೋಗಿ ಬನ್ನಿ” ಎಂದು ಮಗಳೇ ನಮ್ಮಿಬ್ಬರನ್ನೂ ಹೊರಗೆ ಕಳುಹಿಸಿದಳು. ಕೇಪೆ ತಾಲೂಕಿನ ಪಾರೋಡೆಯಲ್ಲಿ ಚಂದ್ರನಾಥನ ಗುಡ್ಡವಿದೆಯೆಂದು ಅಳಿಯ ಹಿಂದೊಮ್ಮೆ ಹೇಳಿದ್ದರು. ಹೆಸರು ಕೇಳಿದಾಗಲೇ ಮನಸ್ಸು ಅತ್ತ ಎಳೆದಿತ್ತು. ಚಂದ್ರಗಿರಿ ಹೊಳೆಯ ದಡದವರಿಗೆ ಚಂದ್ರನ ಹೆಸರಿನ ಇನ್ನೊಂದು ಗುಡ್ಡ ಪರಕೀಯವಾಗುವುದುಂಟೇ?

ಬಸ್ಸಿನ ಮೇಲೆ ಸಿಂಹದ ಗುರುತಿತ್ತು. 1980ರಲ್ಲಿ ಆರಂಭವಾದ ಅಲ್ಲಿನ ಸರಕಾರಿ ಸಾರಿಗೆ ಸಂಸ್ಥೆಯ ಹೆಸರೇ ಕದಂಬ. “ಇದು ನಮ್ಮ ಬನವಾಸಿಯ ಹೆಸರು” ಎಂದು ಪುಳ್ಳಿಗೆ ಹೇಳಿದೆ. ಮೇಷ್ಟರ ಚಟ, ಪಾಠ ಸುರುವಾಯಿತು. ಇಲ್ಲಿಂದ ಅನತಿದೂರದ ಚಾಂದೋರ್ ಹಿಂದೆ ಚಂದ್ರಪುರವಾಗಿತ್ತು; ಭೋಜ ವಂಶದ ದೇವರಾಜನ ಸಿರೋಡಾ ತಾಮ್ರಶಾಸನದಲ್ಲಿ ಬರುವ ಊರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬಳಿಕ ಗೋವೆಯ ಕದಂಬರು ಅಲ್ಲಿಂದಲೇ ಆಳಿದರು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಜಯಕೇಶಿ ರಾಜಧಾನಿಯನ್ನು ಜುವಾರಿ ದಡದ ಗೋಪಕಪಟ್ಟಣಕ್ಕೆ ಒಯ್ದ. ಕನ್ನಡದಲ್ಲೂ ಸಂಸ್ಕೃತದಲ್ಲೂ ಶಾಸನ ಬರೆಯಿಸಿದ ಅರಸರವರು. 1929ರಲ್ಲಿ ಪಾದ್ರಿ ಹೆನ್ರಿ ಹೆರಾಸರು ಚಾಂದೋರಿನಲ್ಲಿ ಅಗೆಸಿದಾಗ ಹಳೆಯ ಶಿವಾಲಯದ ತಳಪಾಯ ಕಂಡಿತು. ರುಂಡವಿಲ್ಲದ ನಂದಿಯೊಂದು ಈಗಲೂ ಅಲ್ಲಿದೆ. ಹುಡುಗ ನಂದಿಯ ತಲೆ ಎಲ್ಲಿ ಹೋಯಿತೆಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಪಾರೋಡೆಯಲ್ಲಿ ಇಳಿದು ನಡೆದೆವು. ಗುಡ್ಡ ಬಹಳ ದೊಡ್ಡದೇನಲ್ಲ, ಸುಮಾರು 350 ಮೀಟರ್ ಎತ್ತರ. ವಾಹನದ ದಾರಿ ಮೇಲಿನವರೆಗೂ ಉಂಟು, ಕೊನೆಗೆ ಮೆಟ್ಟಿಲು. ಆದರೂ ನನ್ನ ಮೊಣಕಾಲಿಗೆ ಅದು ದೊಡ್ಡದೇ. ದಾರಿಯುದ್ದಕ್ಕೂ ಕಂಡದ್ದು ನಮ್ಮದೇ ಗುಡ್ಡೆಯ ನೋಟ: ಗೇರುಮರ, ಕೇಪಳದ ಪೊದೆ, ಕೆಂಪು ಮಣ್ಣು, ಮುರಕಲ್ಲು. ನಾವು ಮುರಕಲ್ಲೆನ್ನುವುದನ್ನು ಈ ವಾರ್ಷಿಕದ ಮಲಯಾಳ ಪುಟಗಳ ಗೆಳೆಯರು ಚೆಂಕಲ್ಲೆನ್ನುತ್ತಾರೆ. ಕೆಳದಿಯ ಶಿವಪ್ಪನಾಯಕನ ಹೆಸರಿಗೆ ಸೇರಿದ ನಮ್ಮ ಚಂದ್ರಗಿರಿ ಕೋಟೆಯೂ ಇದೇ ಕಲ್ಲಿನದು. ಹೆಸರು ಬದಲಾದರೆ ಕಲ್ಲು ಬದಲಾಗುವುದಿಲ್ಲವಷ್ಟೆ.

ಒಂದು ತಿರುವಿನಲ್ಲಿ ಗಂಡಹೆಂಡಿರಿಬ್ಬರು ಕಟ್ಟೆಯ ಕಲ್ಲು ಸರಿಪಡಿಸುತ್ತಿದ್ದರು. ಮಾತು ಕಿವಿಗೆ ಬಿತ್ತು, ಅಪ್ಪಟ ಬಾಗಲಕೋಟೆ ಸೀಮೆಯ ಕನ್ನಡ. ನಾನು ನಿಂತೆ. ಹೆಂಗಸು ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು. ಮಗಳು ವಾಸ್ಕೋದಲ್ಲಿ ಅಕ್ಕನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಾಳಂತೆ. ಕನ್ನಡ ಮರೆತಾಳೆಂಬ ಚಿಂತೆಯಿಲ್ಲವೇ ಎಂದೆ. ಆಕೆ ನಕ್ಕಳು: “ಮರೀತಾಳ ಹೆಂಗ್ರೀ ಅಜ್ಜಾರ? ಊರಾಗ ನಮ್ಮ ಅತ್ತಿ ಅದಾಳ. ದಿನಾ ರಾತ್ರಿ ಫೋನ್ ಹಚ್ಚತಾಳ. ಆಕಿ ಜೋಡಿ ಬ್ಯಾರೆ ಯಾವ ಭಾಷಾದಾಗ ಮಾತಾಡ್ಬೇಕ್ರೀ?”

ಆ ಮಾತು ಮೆಟ್ಟಿಲು ಹತ್ತುವಾಗಲೂ ನನ್ನ ಬೆನ್ನ ಹಿಂದೆಯೇ ಬಂತು.

ಮೇಲೆ ಚಂದ್ರೇಶ್ವರ, ಜೊತೆಗೆ ಭೂತನಾಥ. ಹುಣ್ಣಿಮೆಯ ಬೆಳಕು ಬಿದ್ದಾಗ ಲಿಂಗ ಜಿನುಗುತ್ತದೆಂದು ಅಲ್ಲಿಯವರ ನಂಬಿಕೆ. ಭೂತನಾಥ ಎಂಬುದು ಶಿವನ ಹೆಸರೆಂದು ತಿಳಿದಿದ್ದರೂ, ಭೂತಕೋಲಗಳ ನಾಡಿನಿಂದ ಹೋದವನಿಗೆ ಕೈ ತಾನಾಗಿ ಮುಗಿಯುತ್ತದೆ. ಹೂ ಮಾರುತ್ತಿದ್ದ ಮುದುಕಿಯೊಡನೆ ನಾನು ಕೊಂಕಣಿಯಲ್ಲಿ ಬೆಲೆ ಕೇಳಿದೆ. ಆಕೆ ಬಾಯಿಗೆ ಸೆರಗು ಹಿಡಿದು ನಕ್ಕು, ಇದು ಯಾವ ಊರಿನ ಕೊಂಕಣಿ ಎಂದಳು. ಮಂಜೇಶ್ವರದ್ದು ಎಂದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಕಾಟಕ್ಕೆ ದೇವರನ್ನೂ ಭಾಷೆಯನ್ನೂ ಹೊತ್ತು ತೆಂಕಣಕ್ಕೆ ಬಂದವರ ಮಾತು. ಅದನ್ನು ನಾನು ಕಲಿತದ್ದು ಬಾಲ್ಯದಲ್ಲಿ, ನಮ್ಮೂರಿನ ಜೀನಸಿನ ಅಂಗಡಿಯ ಜಗಲಿಯಲ್ಲಿ. ಅದೇ ಮನೆಮಾತಿನ ಮಂಜೇಶ್ವರದ ಗೋವಿಂದ ಪೈಗಳು ಕನ್ನಡದಲ್ಲಿ ಬರೆದು 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿದರು.

ಪುಳ್ಳಿ ಕಣ್ಣರಳಿಸಿ ನೋಡುತ್ತಿದ್ದ. “ಅಜ್ಜಾ, ನಿಮಗೆ ಕೊಂಕಣಿ ಬರುತ್ತದಾ? ಮತ್ತೆ ಯಾವುದೆಲ್ಲ ಬರುತ್ತದೆ?” ಬೆರಳು ಮಡಚಿ ಎಣಿಸಿದೆ: ಕನ್ನಡ, ತುಳು, ಮಲಯಾಳ, ಕೊಂಕಣಿ, ಹಿಂದಿ, ಇಂಗ್ಲಿಷು. ಒಂದು ಕೈ ಸಾಲಲಿಲ್ಲ.

“ನಿಮಗೆ ಆರು ಇರಬಹುದು. ಮತ್ತೆ ಅಮ್ಮನಿಗೆ ಯಾಕೆ ಬೈದದ್ದು?”

ರಾತ್ರಿ ಅವನು ನಿದ್ದೆ ಹೋಗಿರಲಿಲ್ಲ ಎಂದು ಆಗ ಗೊತ್ತಾಯಿತು.

ಕಟ್ಟೆಯ ಮೇಲೆ ಕೂತೆ. ಕೆಳಗೆ ಗದ್ದೆಗಳು, ತೆಂಗಿನ ತೋಟಗಳು, ನಡುನಡುವೆ ಬಿಳಿಯ ಇಗರ್ಜಿಗಳು, ಕುಶಾವತಿ ಹೊಳೆಯ ಬಯಲು. ಈ ನಾಡಿಗೂ ನಮ್ಮ ನಾಡಿಗೂ ಒಂದೇ ವರ್ಷದ ನಂಟು ಇದೆ. 1967ರ ಜನವರಿ 16ರಂದು ಗೋವೆಯವರನ್ನು ಮಹಾರಾಷ್ಟ್ರಕ್ಕೆ ಸೇರುತ್ತೀರಾ ಎಂದು ಮತ ಕೇಳಿದರು, ಅವರು ಒಲ್ಲೆವೆಂದರು. 1987ರಲ್ಲಿ ಕೊಂಕಣಿ ಅವರ ಆಡಳಿತ ಭಾಷೆಯಾಯಿತು, ರಾಜ್ಯವೂ ದೊರೆಯಿತು. ಅದೇ 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಬಡಗಣ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು ವರದಿ ಕೊಟ್ಟಿತು. ಅವರಿಗೆ ಮತಪೆಟ್ಟಿಗೆ, ನಮಗೆ ವರದಿ. ವರದಿ ಕಪಾಟು ಸೇರಿತು. 1956ರ ನವೆಂಬರ್ 1ರಂದು ಎಲ್ಲಿದ್ದೆವೋ ಅಲ್ಲೇ ಇದ್ದೇವೆ. ಆ ನೋವು ನನ್ನ ತಲೆಮಾರಿನದು; ಸುಳ್ಳಲ್ಲ. ಆದರೆ ಆ ನೋವಿನ ಲೆಕ್ಕವನ್ನು ಒಂಬತ್ತು ವರ್ಷದ ಹುಡುಗನ ಹೆಗಲಿನಿಂದ ವಸೂಲು ಮಾಡಲು ಹೊರಟಿದ್ದೆನಲ್ಲ!

ಇಷ್ಟು ವರ್ಷ ನಮ್ಮ ಕಡೆ ಕನ್ನಡ ಉಳಿದದ್ದು ಬೇರೆ ಭಾಷೆಗಳಿಗೆ ಬಾಗಿಲು ಹಾಕಿದ್ದರಿಂದಲ್ಲ. ಪೇಟೆಯಲ್ಲಿ ಮಲಯಾಳ ಆಡಿ, ಗದ್ದೆಯಲ್ಲಿ ತುಳು ಆಡಿ, ಮನೆಗೆ ಬಂದು ಕನ್ನಡದಲ್ಲಿ ಪತ್ರ ಬರೆದವರಿಂದ. ಶಾಲೆ ಬೇಡವೆಂದು ನಾನು ಹೇಳುವುದಿಲ್ಲ; ಹೇಳಲಾರೆ. ನಮ್ಮ ಊರಿನ ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ದೂರ ಹೋದ ಮಕ್ಕಳಿಗೆ ಬೇಕಾದದ್ದು ಆ ಹೆಂಗಸು ಹೇಳಿದಂತೆ ಬೇರೊಂದು: ಆಚೆ ತುದಿಯಲ್ಲಿ ಕನ್ನಡದಲ್ಲೇ ಕಾಯುವ ಒಬ್ಬರು. ಒಂಬತ್ತು ವರ್ಷಗಳಲ್ಲಿ ನಾನು ಅವನಿಗೆ ಎಷ್ಟು ಪತ್ರ ಬರೆದಿದ್ದೆ? ಒಂದೂ ಇಲ್ಲ. ಮಗಳ ಮೇಲೆ ಹೊರಿಸಿದ ತಪ್ಪಿನಲ್ಲಿ ಅರ್ಧ ನನ್ನದೇ ಆಗಿತ್ತು.

ಇಳಿಯುವಾಗ ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಉಳಿದ ಹತ್ತು ದಿನ ಸಂಜೆ ಅರ್ಧ ಗಂಟೆ ಅಕ್ಷರ. ಆಮೇಲೆ ವಾರಕ್ಕೊಂದು ಕಾಗದ, ಅಂಚೆಯಲ್ಲಿ. ಅವನು ಬರೆದರೆ ನಾನು ಉತ್ತರಿಸಬೇಕು, ತಪ್ಪಿಸುವ ಹಾಗಿಲ್ಲ. ಮನೆಗೆ ಮುಟ್ಟಿದಾಗ ಮಗಳು ಬಾಗಿಲಲ್ಲಿದ್ದಳು. “ಆ ಹಿಂದಿನ ಬೆಂಚಿನ ಸಂಗತಿ ನನಗೆ ಅಂದೇ ಹೇಳಬೇಕಿತ್ತು” ಎಂದೆ. “ನೀವು ಕೇಳಬೇಕಿತ್ತು ಅಪ್ಪಾ” ಎಂದಳು. ಸಿಟ್ಟಿನಿಂದಲ್ಲ.

ಊರಿಗೆ ಮರಳಿದ ಮೂರನೆಯ ವಾರ ಮೊದಲ ಕಾಗದ ಬಂತು. ಐದು ಸಾಲು. ಒತ್ತಕ್ಷರ ಹಲವು ಕಡೆ ಬಿಟ್ಟುಹೋಗಿದೆ. ನಾನು ‘ಅಜ’ ಆಗಿದ್ದೇನೆ. ಗುಡ್ಡಕ್ಕೆ ಇನ್ನೊಮ್ಮೆ ಹುಣ್ಣಿಮೆಗೆ ಹೋಗೋಣವೇ ಎಂದು ಕೇಳಿದ್ದಾನೆ. ಹಳೆಯ ಅಭ್ಯಾಸದಿಂದ ಕೈ ಕೆಂಪು ಶಾಯಿಯ ಪೆನ್ನಿಗೆ ಹೋಯಿತು. ತಿದ್ದಲಿಲ್ಲ. ನೀಲಿ ಪೆನ್ನು ತೆಗೆದು, ಮೊಣಕಾಲು ಒಪ್ಪಿದರೆ ಖಂಡಿತ ಹೋಗೋಣ ಎಂದು ಉತ್ತರ ಬರೆದೆ. ಕೊನೆಗೆ ‘ಇತಿ ನಿನ್ನ ಅಜ್ಜ’ ಎಂಬಲ್ಲಿ ಒತ್ತನ್ನು ಸ್ವಲ್ಪ ದೊಡ್ಡದಾಗಿಯೇ ಬರೆದಿದ್ದೇನೆ.